ಮೊದಲು ದೋಸೆ, ಆಮೇಲೆ ಕೋಟೆ

ಭಾನುವಾರ ಕಾರ್ ಕ್ಲಬ್ ಜೊತೆ ದುರ್ಗಕ್ಕೆ ಹೊರಟವರಿಗೆ ಒಂದು ಮಾತು. ಬೆಳಿಗ್ಗೆ ಏಳಕ್ಕೇ ದಾವಣಗೆರೆಯಲ್ಲಿ ಬೆಣ್ಣೆದೋಸೆ ಮುಗಿಸಿ. ಎಷ್ಟು ಜನ ಅಂತ ಹೋಟೆಲಿಗೆ ಹಿಂದಿನ ದಿನವೇ ಹೇಳಿಡಿ. ದೋಸೆ ಕಾವಲಿಯಿಂದ ನೇರ ತಟ್ಟೆಗೆ ಬರಬೇಕು, ಅಲ್ವಾ? ಎರಡಕ್ಕೇ ನಿಲ್ಲಿಸಿ. ಮೂರನೆಯದರ ಭಾರ ಕೋಟೆ ಮೆಟ್ಟಿಲಲ್ಲಿ ಗೊತ್ತಾಗುತ್ತದೆ!

ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ಒಂಬತ್ತರೊಳಗೆ ಏಳು ಸುತ್ತಿನ ಕೋಟೆ ಸೇರಿದರೆ ಬಂಡೆ ಅಷ್ಟಾಗಿ ಕಾದಿರುವುದಿಲ್ಲ. ಕಳೆದ ಸಲ ನಾವು ಹನ್ನೊಂದಕ್ಕೆ ಹೋಗಿ, ಬಿಸಿಲಿಗೆ ತಲೆ ಸುತ್ತಿ ಅರ್ಧಕ್ಕೇ ಇಳಿದೆವು. ನೀರಿನ ಬಾಟಲಿ ಬೇರೆ ಕಾರಲ್ಲೇ ಇತ್ತು. ಜನ ಜಾಸ್ತಿ ಆಗುವ ಮುಂಚೆ ಒನಕೆ ಓಬವ್ವನ ಕಿಂಡಿ ನೋಡಿಬಿಡಿ. ಅಲ್ಲಿ ಒಬ್ಬೊಬ್ಬರೇ ಬಗ್ಗಿ ತೂರಬೇಕು.

ಹಳೇ ಕಾರಿನವರು ಮನೆಯಲ್ಲೇ, ಇಂಜಿನ್ ತಣ್ಣಗಿದ್ದಾಗ, ರೇಡಿಯೇಟರ್ ನೋಡಿಕೊಳ್ಳಿ.