ಲಾಟರಿ ಮನೆಯ ಅರ್ಜಿ: ತುಂಬಿಕೊಡುವ ಮುನ್ನ

ಸ್ಯಾನ್ ಫ್ರಾನ್ಸಿಸ್ಕೊದ ಕನ್ನಡಿಗರ ಮನೆಗಳಿಗೆ ಕ್ಲೀನಿಂಗ್‌ಗೋ ಮಗು ನೋಡಿಕೊಳ್ಳಲೋ ಬರುವವರಲ್ಲಿ ಮೆಕ್ಸಿಕೊ, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಕಡೆಯವರು ತುಂಬ ಜನ. ‘ಕಡಿಮೆ ಬಾಡಿಗೆ ಮನೆಗೆ ಒಂದು ಫಾರಂ ತುಂಬಿಕೊಡ್ತೀರಾ?’ ಎಂದು ಅವರು ಕೇಳಿದರೆ ನಾವು ಫೋನಿನಲ್ಲೇ ಟಪಟಪ ಒತ್ತಿ ಕಳಿಸಿಬಿಡುತ್ತೇವೆ. ಈ ಮನೆಗಳನ್ನು ಹಂಚುವುದು ಲಾಟರಿ ಎತ್ತಿ. ಅದರಲ್ಲಿ ಒಳ್ಳೆಯ ನಂಬರ್ ಬಂದರೂ, ತುಂಬಿದ್ದು ತಪ್ಪಿದ್ದರೆ ಕಾಗದಪತ್ರ ನೋಡುವಾಗ ಅರ್ಜಿ ಬಿದ್ದುಹೋಗುತ್ತದೆ. ಹಾಗೆ ಒಂದು ಮನೆಯವರ ಅವಕಾಶ ಕೆಡಿಸಿದವರಲ್ಲಿ ನಾನೂ ಒಬ್ಬ.

ಹಂತ 1: ಅರ್ಜಿ ಹಾಕುವುದು ಡೇಲಿಯಾ ಎಂಬ ನಗರಾಡಳಿತದ ಜಾಲತಾಣದಲ್ಲಿ. (ಹೆಸರು ನಮ್ಮ ಮಲೆನಾಡಿನ ಡೇರೆ ಹೂವಿನದೇ. ಆ ಹೂವಿನ ತವರು ಮೆಕ್ಸಿಕೊ.) ಸ್ಪ್ಯಾನಿಷ್‌ನಲ್ಲೂ ಇದೆ. ಅರ್ಜಿಗೆ ದುಡ್ಡು ಕಟ್ಟಬೇಕಿಲ್ಲ. ಮೊದಲ ದಿನವೇ ಹಾಕಬೇಕೆಂಬ ಧಾವಂತ ಬೇಡ, ಇದು ಕ್ಯೂ ಅಲ್ಲ. ಕೊನೆಯ ದಿನಾಂಕದೊಳಗೆ ಬಂದವರ ಚೀಟಿಯೆಲ್ಲ ಒಂದೇ ಡಬ್ಬಿಗೆ.

ಹಂತ 2: ಮನೆಯಲ್ಲಿ ಯಾರ್‍ಯಾರು ಇರುತ್ತಾರೆ ಎಂದು ಬರೆಯಿರಿ. ಅಜ್ಜಿಯನ್ನು ಮಗನೂ ಮಗಳೂ ಬೇರೆ ಬೇರೆ ಅರ್ಜಿಯಲ್ಲಿ ಸೇರಿಸಿಕೊಂಡರೆ ಕೆಟ್ಟಿತು. ಒಂದು ಕಟ್ಟಡಕ್ಕೆ ಒಬ್ಬರ ಹೆಸರು ಒಂದೇ ಸಲ.

ಹಂತ 3: ಆದಾಯ. ಎಲ್ಲರೂ ಎಡವುವುದು ಇಲ್ಲೇ. ಬಿಪಿಎಲ್ ಕಾರ್ಡಿನ ಬುದ್ಧಿ ನಮಗೆ ಸುಲಭಕ್ಕೆ ಬಿಡುವುದಿಲ್ಲ. ಕಡಿಮೆ ತೋರಿಸಿದಷ್ಟೂ ಒಳ್ಳೆಯದು ಅಂದುಕೊಳ್ಳುತ್ತೇವೆ. ಇಲ್ಲಿ ಆದಾಯ ಇಷ್ಟಕ್ಕಿಂತ ಜಾಸ್ತಿ ಇರಬಾರದು ಅನ್ನುವಂತೆಯೇ, ಇಷ್ಟಾದರೂ ಇರಬೇಕು ಎಂದೂ ಇರುತ್ತದೆ. ಬಾಡಿಗೆ ಕಟ್ಟಲು ಆಗಬೇಕಲ್ವಾ?

ಬರೆಯಬೇಕಾದ್ದು ತೆರಿಗೆ ಹಿಡಿಯುವ ಮೊದಲಿನ ಮೊತ್ತ, ಕೈಗೆ ಬಂದದ್ದಲ್ಲ. ಎರಡು ವಾರಕ್ಕೊಮ್ಮೆ ಸಂಬಳ ಬರುವವರಿಗೆ 26ರಿಂದ ಗುಣಿಸಿ, 24ರಿಂದ ಅಲ್ಲ. ಎರಡು ವಾರಕ್ಕೆ 900 ಡಾಲರ್ ಎಂದರೆ ವರ್ಷಕ್ಕೆ 23,400. 24 ಹಾಕಿದರೆ 21,600 ಆಗುತ್ತದೆ. ಈ 1,800ರ ವ್ಯತ್ಯಾಸದಲ್ಲೇ ಮನೆ ಕೈತಪ್ಪಬಹುದು. ವಾರದ ಸಂಬಳಕ್ಕೆ 52. ತಿಂಗಳಿಗೆ ಎರಡು ಸಲ, 15ಕ್ಕೆ ಮತ್ತು ಕೊನೆಗೆ, ಬಂದರೆ ಮಾತ್ರ 24. ಓವರ್‌ಟೈಮ್, ಟಿಪ್ಸ್ ಕೂಡ ಸೇರುತ್ತವೆ. ಪೇ ಸ್ಲಿಪ್ ಎದುರಿಗಿಟ್ಟುಕೊಂಡೇ ಕೂರಿ, ಬಾಯಿಮಾತಿನ ಲೆಕ್ಕ ಬೇಡವೇ ಬೇಡ.

ನಗದು ಕೂಲಿಯವರಿಗೆ ಪೇ ಸ್ಲಿಪ್ ಎಲ್ಲಿಂದ ಬರಬೇಕು? ಒಂದು ನೋಟ್‌ಬುಕ್ ಕೊಡಿಸಿ. ದಿನಾಂಕ, ಯಾರ ಮನೆ, ಎಷ್ಟು ಡಾಲರ್ ಎಂದು ಇವತ್ತಿನಿಂದಲೇ ಬರೆಯಲಿ. ಹಣವನ್ನು ಬ್ಯಾಂಕಿಗೆ ಕಟ್ಟಲಿ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಪಡೆದು ರಿಟರ್ನ್ಸ್ ಸಲ್ಲಿಸಬಹುದು. ಮಿಷನ್ ಬಡಾವಣೆಯ ಮೇಡಾ ಸಂಸ್ಥೆಯಲ್ಲಿ ತೆರಿಗೆಗೂ ಮನೆ ಅರ್ಜಿಗೂ ಸ್ಪ್ಯಾನಿಷ್‌ನಲ್ಲೇ ನೆರವು ಸಿಗುತ್ತದೆ. ನನ್ನನ್ನು ಕೇಳಿದರೆ, ನಿಮಗಿಂತ ಅವರೇ ತುಂಬುವುದು ಒಳ್ಳೆಯದು.

‘ನೋತಾರಿಯೊ’ ಬೋರ್ಡ್ ಹಾಕಿಕೊಂಡವರ ಹತ್ತಿರ ಮಾತ್ರ ಹೋಗಬೇಡಿ. ಆ ದೇಶಗಳಲ್ಲಿ ನೋತಾರಿಯೊ ಎಂದರೆ ದೊಡ್ಡ ಕಾನೂನು ಪಂಡಿತ. ಇಲ್ಲಿ ನೋಟರಿ ಎಂದರೆ ಸಹಿಗೆ ಸಾಕ್ಷಿ, ಅಷ್ಟೇ. ಈ ಗೊಂದಲದಲ್ಲೇ ದುಡ್ಡು ಮಾಡುವವರಿದ್ದಾರೆ.

ಹಂತ 4: ಹೆಸರು, ದಿನಾಂಕ. ನಮ್ಮ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಪಡುವ ಪಾಡು ಗೊತ್ತಲ್ಲ, ಇವರದೂ ಅದೇ ಕಥೆ. ಅವರಿಗೆ ಎರಡು ಮನೆತನದ ಹೆಸರು: ಮೊದಲನೆಯದು ಸಾಮಾನ್ಯವಾಗಿ ಅಪ್ಪನ ಕಡೆಯದು, ಎರಡನೆಯದು ಅಮ್ಮನದು. ಗಾರ್ಸಿಯಾ ಲೋಪೆಸ್ ಎಂಬವರು ಬ್ಯಾಂಕಿನಲ್ಲಿ ಲೋಪೆಸ್, ಪೇ ಸ್ಲಿಪ್ಪಿನಲ್ಲಿ ಗಾರ್ಸಿಯಾ ಆಗಿರುತ್ತಾರೆ. ಗುರುತಿನ ಚೀಟಿಯಲ್ಲಿ ಇದ್ದ ಹಾಗೇ ಎರಡನ್ನೂ ಬರೆಯಿರಿ. ಅವರೂ ನಮ್ಮ ಹಾಗೆ ದಿನ ಮೊದಲು, ತಿಂಗಳು ಆಮೇಲೆ ಬರೆಯುವವರು. ಅಮೆರಿಕದ್ದು ಉಲ್ಟಾ. ಆಗಸ್ಟ್ 5 ಇಲ್ಲಿ 8/5. ನಾನು ಕೆಡಿಸಿದ್ದು ಇದನ್ನೇ, ಮಗುವಿನ ಹುಟ್ಟಿದ ದಿನವನ್ನು.

ಹಂತ 5: ಆದ್ಯತೆಗಳು. ಲಾಟರಿಯಲ್ಲಿ ಕೆಲವರಿಗೆ ಮೊದಲ ಅವಕಾಶ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ವಾಸವೋ ಕೆಲಸವೋ ಇದ್ದರೆ ಟಿಕ್ ಮಾಡಿ, ಪುರಾವೆ ಲಗತ್ತಿಸಿ.

ಬಾಡಿಗೆಗೆ ಕೇಂದ್ರ ಸರ್ಕಾರ ನೆರವು ಕೊಡುವ ಸೆಕ್ಷನ್ 8 ಬೇರೆ ಯೋಜನೆ, ಅಲ್ಲಿ ವಲಸೆ ಸ್ಥಿತಿ ನೋಡುತ್ತಾರೆ. ಅದನ್ನು ಇದರ ಜೊತೆ ಬೆರೆಸಿ ಸುಮ್ನೆ ಹೆದರಿಸಬೇಡಿ. ಅಂಥ ಪ್ರಶ್ನೆ ಬಂದರೆ ವಲಸೆ ವಕೀಲರ ಹತ್ತಿರ ಕಳಿಸಿ.

ಕಳಿಸುವ ಮುಂಚೆ ‘ಇನ್ನೊಬ್ಬ ಸಂಪರ್ಕ ವ್ಯಕ್ತಿ’ ಎಂಬ ಜಾಗ ಖಾಲಿ ಬಿಡಬೇಡಿ. ಪ್ರೀಪೇಯ್ಡ್ ನಂಬರ್ ಬದಲಾಗುತ್ತಲೇ ಇರುತ್ತದೆ, ಕರೆ ಬರುವುದು ತಿಂಗಳುಗಳ ಮೇಲೆ. ಅವರು ಒಪ್ಪಿದರೆ ಅಲ್ಲಿ ನಿಮ್ಮ ನಂಬರನ್ನೇ ಹಾಕಿ. ಆಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೂ ಎತ್ತಿ.