ಬಾಯ್ಕಳಕ, ಬನ್ನೂರು ಕುರಿ, ಹೆಜ್ಜಾರ್ಲೆ: ಸ್ಕ್ರೀನ್ ಪ್ರಿಂಟಿನಲ್ಲಿ ನಮ್ಮ ಕಡೆಯ ಪ್ರಾಣಿಗಳು

ವಿನ್ಯಾಸ ಕಲಿಯುವವರಿಗೆ ಪ್ರಾಣಿಗಳ ಮೇಲೆ ಲವಲವಿಕೆಯ ಚಿತ್ರಗಳನ್ನು ಮಾಡಿ ಎಂದರೆ ಮೊದಲು ಹೊಳೆಯುವುದು ಕನ್ನಡಕ ತೊಟ್ಟ ಹುಲಿ, ಛತ್ರಿ ಹಿಡಿದ ಆನೆ, ಹಲ್ಲು ಕಿರಿಯುವ ಮೊಸಳೆ. ಮೈಸೂರಿನಲ್ಲಿ ನಾನು ಓದುತ್ತಿರುವ ಕೋರ್ಸಿನ ಕೊನೆಯ ವರ್ಷದ ಕೆಲಸಕ್ಕೆ ಸ್ಕ್ರೀನ್ ಪ್ರಿಂಟಿಂಗನ್ನೂ ಪ್ರಾಣಿಗಳನ್ನೂ ಒಟ್ಟಿಗೆ ಆರಿಸಿಕೊಂಡಾಗ, ಈ ಮೂರನ್ನೂ ದೂರವಿಡಬೇಕೆಂದು ಮೊದಲೇ ತೀರ್ಮಾನಿಸಿದೆ. ಪ್ರಾಣಿಗೆ ಮನುಷ್ಯನ ವೇಷ ತೊಡಿಸಿದಾಗ ನಮಗೆ ನಗು ಬರುವುದು ಆ ವೇಷವನ್ನು ಕಂಡು. ಅಲ್ಲಿ ಹುಲಿಯ ಬದಲು ನಾಯಿಯನ್ನು ಕೂರಿಸಿದರೂ ಚಿತ್ರ ಹೆಚ್ಚು ಬದಲಾಗುವುದಿಲ್ಲ. ಆದರೆ ರಂಗನತಿಟ್ಟಿನ ಬಂಡೆಯ ಮೇಲೆ ಬಾಯ್ಕಳಕ ಕೊಕ್ಕರೆ ಒಂಟಿಕಾಲಿನಲ್ಲಿ ನಿಂತು ಕೊಕ್ಕನ್ನು ಎದೆಯೊಳಗೆ ಹುದುಗಿಸುವ ಬಗೆಯನ್ನು ಸ್ವಲ್ಪ ಹೊತ್ತು ನೋಡಿದವರಿಗೆ, ಮುಖದಲ್ಲಿ ನಗು ಮೂಡಿಸುವ ಗುಣ ಪ್ರಾಣಿಯ ಮೈಕಟ್ಟಿನಲ್ಲೇ ಇದೆ ಎಂಬುದು ತಿಳಿಯುತ್ತದೆ. ಅದನ್ನು ಕೆಡಿಸದೆ ಕಾಗದಕ್ಕೆ ಇಳಿಸುವುದಷ್ಟೇ ನನ್ನ ಕೆಲಸ ಎಂದುಕೊಂಡು ಶುರುಮಾಡಿದೆ.

ಪ್ರಾಣಿಗಳನ್ನು ಹುಡುಕಿಕೊಂಡು ಬಹಳ ದೂರ ಹೋಗುವ ಅಗತ್ಯ ಬೀಳಲಿಲ್ಲ. ಊರೊಳಗೆ 1892ರಲ್ಲಿ ಆರಂಭವಾದ ಚಾಮರಾಜೇಂದ್ರ ಮೃಗಾಲಯವಿದೆ. ಶ್ರೀರಂಗಪಟ್ಟಣದ ಹತ್ತಿರ, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ರಂಗನತಿಟ್ಟಿದೆ. ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರಿದೆ. ನಮ್ಮ ಮನೆ ಮಳವಳ್ಳಿ ಕಡೆಯದಾದ್ದರಿಂದ ಕುರಿಗಳಿಗೆ ಬರವಿಲ್ಲ. ಮೃಗಾಲಯದಲ್ಲಿ ಜಿರಾಫೆ, ಜೀಬ್ರಾಗಳನ್ನು ಬರೆದು ಕೈ ಪಳಗಿಸಿಕೊಂಡೆನಾದರೂ, ಅಚ್ಚಿಗೆ ಮಾತ್ರ ನಮ್ಮ ನೀರು, ನಮ್ಮ ಮರ, ನಮ್ಮ ಹೊಲಗಳಲ್ಲಿ ಬದುಕುವ ಜೀವಗಳನ್ನೇ ಉಳಿಸಿಕೊಂಡೆ. ನೋಡುವವರಿಗೆ ಆ ಪ್ರಾಣಿ ಮೊದಲೇ ಪರಿಚಯವಿದ್ದರೆ, ನಾವು ಏನನ್ನು ಬಿಟ್ಟಿದ್ದೇವೆ, ಏನನ್ನು ದೊಡ್ಡದು ಮಾಡಿದ್ದೇವೆ ಎಂಬುದು ಅವರಿಗೆ ತಕ್ಷಣ ಹೊಳೆಯುತ್ತದೆ. ಚಿತ್ರದ ಆಟ ಅಲ್ಲಿಂದಲೇ ಆರಂಭವಾಗುತ್ತದೆ.

ಸ್ಕ್ರೀನ್ ಪ್ರಿಂಟಿಂಗ್ ಈ ಉದ್ದೇಶಕ್ಕೆ ಏಕೆ ಒದಗುತ್ತದೆ ಎಂಬುದನ್ನು ಹೇಳಲು ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಮರದ ಅಥವಾ ಅಲ್ಯೂಮಿನಿಯಂ ಫ್ರೇಮಿಗೆ ಬಿಗಿಯಾಗಿ ಎಳೆದು ಕಟ್ಟಿದ ಪಾಲಿಯೆಸ್ಟರ್ ಜಾಲರಿಯ ಮೇಲೆ ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ನನ್ನು ತೆಳುವಾಗಿ ಬಳಿದು, ಮಂದವಾದ ಹಳದಿ ಬೆಳಕಿನ ಕೋಣೆಯಲ್ಲಿ ಒಣಗಿಸುತ್ತೇವೆ. ಅಚ್ಚಾಗಬೇಕಾದ ಆಕಾರವನ್ನು ಪಾರದರ್ಶಕ ಹಾಳೆಯ ಮೇಲೆ ದಟ್ಟ ಕಪ್ಪಿನಲ್ಲಿ ಮಾಡಿ, ಆ ಪಾಸಿಟಿವ್ ಹಾಳೆಯನ್ನು ಸ್ಕ್ರೀನಿಗೆ ಒತ್ತಿಟ್ಟು ಅತಿನೇರಳೆ ಬೆಳಕು ಬಿಟ್ಟರೆ, ಕಪ್ಪು ಮರೆಮಾಡಿದ ಜಾಗದಲ್ಲಿ ಎಮಲ್ಷನ್ ಮೆದುವಾಗಿಯೇ ಉಳಿದು ನೀರಿಗೆ ತೊಳೆದುಹೋಗುತ್ತದೆ. ಮಿಕ್ಕದ್ದು ಗಟ್ಟಿಯಾಗಿ ಜಾಲರಿಯ ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ತೆರೆದ ಕಣ್ಣುಗಳ ಮೂಲಕ ಸ್ಕ್ವೀಜಿ ಎಂಬ ರಬ್ಬರಿನ ಅಂಚಿನ ಪಟ್ಟಿಯಿಂದ ಇಂಕನ್ನು ಕಾಗದಕ್ಕೆ ದಾಟಿಸುವುದೇ ಅಚ್ಚು. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್ ಬೇಕು. ಇಂಕು ಬೀಳುತ್ತದೆ ಅಥವಾ ಬೀಳುವುದಿಲ್ಲ, ನಡುವಿನ ನಸುನೆರಳಿಗೆ ಇಲ್ಲಿ ಜಾಗವಿಲ್ಲ. ಚುಕ್ಕಿಗಳಾಗಿ ಒಡೆದು ನೆರಳಿನ ಭ್ರಮೆ ಹುಟ್ಟಿಸುವ ವಿಧಾನವಿದೆಯಾದರೂ ನಾನು ಅದನ್ನು ಬೇಕೆಂದೇ ಬಳಸಲಿಲ್ಲ. ಮೂರೇ ಬಣ್ಣ, ನೆರಳಿಲ್ಲ ಎಂಬ ಕಟ್ಟುಪಾಡಿಗೆ ಒಪ್ಪಿಕೊಂಡ ಮೇಲೆ ಗರಿಗರಿಯನ್ನೂ ಬಿಡಿಸುವ ಆಸೆಯನ್ನು ಕೈಬಿಡಬೇಕಾಗುತ್ತದೆ, ಆಗ ಹಕ್ಕಿಯ ನಿಲುವೊಂದೇ ಕಣ್ಣಿಗೆ ಉಳಿಯುತ್ತದೆ.

ಇದೇ ಕಾರಣಕ್ಕೆ ನಾನು ಪಾಸಿಟಿವ್ ಮಾಡುವ ಮೊದಲ ಹಂತದಲ್ಲಿ ಪೆನ್ಸಿಲನ್ನು ಮುಟ್ಟುವುದಿಲ್ಲ. ಸ್ಕೆಚ್ ಪುಸ್ತಕದಲ್ಲಿ ಬರೆದುಕೊಂಡು ಬಂದದ್ದನ್ನು ಒಮ್ಮೆ ನೋಡಿ ಮುಚ್ಚಿಟ್ಟು, ಕಪ್ಪು ಕಾಗದದಲ್ಲಿ ಕತ್ತರಿಯಿಂದ ನೇರವಾಗಿ ಆಕಾರವನ್ನು ಕತ್ತರಿಸುತ್ತೇನೆ. ಕತ್ತರಿ ಸಣ್ಣಪುಟ್ಟ ವಿವರಗಳಿಗೆ ಬಗ್ಗುವುದಿಲ್ಲ, ನೆನಪೂ ಅವನ್ನು ಇಟ್ಟುಕೊಂಡಿರುವುದಿಲ್ಲ. ಹಾಗೆ ಉಳಿಯುವುದು ಬೆನ್ನಿನ ಬಾಗು, ಕತ್ತಿನ ತಿರುವು, ಕಾಲುಗಳ ನಡುವಿನ ಜಾಗ.

ಕೆಲಸವನ್ನು ನಿಜವಾಗಿ ಕಲಿಸಿದವರು ಸಂತೇಪೇಟೆಯ ಆಸುಪಾಸಿನ ಗಲ್ಲಿಯೊಂದರಲ್ಲಿ ಲಗ್ನಪತ್ರಿಕೆ ಮತ್ತು ಬಟ್ಟೆ ಚೀಲಗಳನ್ನು ಅಚ್ಚು ಹಾಕುವ ಹಿರಿಯರೊಬ್ಬರು. ಕಾಲೇಜಿನಲ್ಲಿ ವಿಧಾನ ತಿಳಿಯಿತು, ಅವರ ಮೇಜಿನ ಮುಂದೆ ಕೈ ತಿಳಿಯಿತು. ಸ್ಕ್ರೀನಿಗೂ ಕಾಗದಕ್ಕೂ ನಡುವೆ ಎರಡು ಮೂರು ಮಿಲಿಮೀಟರ್ ಅಂತರವಿರಬೇಕು, ಸ್ಕ್ವೀಜಿ ಹಾದುಹೋದ ಕೂಡಲೇ ಜಾಲರಿ ಕಾಗದದಿಂದ ಮೇಲೇಳಬೇಕು, ಇಲ್ಲವಾದರೆ ಅಂಚು ಹರಡಿಕೊಳ್ಳುತ್ತದೆ ಎಂಬುದನ್ನು ಪುಸ್ತಕಗಳೂ ಹೇಳುತ್ತವೆ. ಆದರೆ ಅವರು ನನ್ನ ಕೈಯನ್ನು ನೋಡಿ, “ಒತ್ತಬ್ಯಾಡ ಕಣಮ್ಮ, ಒಂದೇ ಸಮ ಎಳಿ. ಸದ್ದು ಕೇಳಿಸ್ಕೋ, ಸದ್ದು ಒಂದೇ ಥರ ಬಂದ್ರೆ ಅಚ್ಚೂ ಒಂದೇ ಥರ ಬರ್ತದೆ” ಎಂದರು. ಇಂಕು ಸಮನಾಗಿ ಇಳಿಯುವಾಗ ಜಾಲರಿಯ ಮೇಲೆ ರಬ್ಬರು ಹಾಯುವ ಸದ್ದು ತಡೆಯಿಲ್ಲದೆ ಒಂದೇ ಎಳೆಯಾಗಿ ಕೇಳಿಸುತ್ತದೆ. ಇಂಕು ಕಡಿಮೆಯಾದಲ್ಲಿ ಅದು ಒಣಗಿ ಕರಕರಗುಡುತ್ತದೆ. ಈಗಲೂ ನಾನು ಅಚ್ಚು ಹಾಕುವಾಗ ಕೋಣೆಯಲ್ಲಿ ಹಾಡು ಹಾಕಿಕೊಳ್ಳುವುದಿಲ್ಲ.

ಹಳೆಯ ಅಂಗಡಿಗಳಲ್ಲಿ ಎಮಲ್ಷನ್ನಿಗೆ ಬೈಕ್ರೋಮೇಟ್ ಬೆರೆಸುವ ರೂಢಿ ಇದೆ. ಅದು ಅಗ್ಗ, ಆದರೆ ಕ್ರೋಮಿಯಂನ ಆ ರೂಪ ಚರ್ಮಕ್ಕೂ ಶ್ವಾಸಕ್ಕೂ ಕೆಡುಕು, ನೀರಿಗೆ ಸೇರಿದರೆ ನೀರಿಗೂ ಕೆಡುಕು. ಹಕ್ಕಿ, ಮೀನುಗಳ ಚಿತ್ರ ಅಚ್ಚು ಹಾಕಿ ಅದನ್ನು ತೊಳೆದ ನೀರನ್ನು ಚರಂಡಿಗೆ ಬಿಡಲು ನನಗೆ ಮನಸ್ಸು ಒಪ್ಪದ ಕಾರಣ, ಸ್ವಲ್ಪ ದುಬಾರಿಯಾದರೂ ಡಯಜೋ ಎಮಲ್ಷನ್ ಮತ್ತು ನೀರಿನ ಆಧಾರದ ಇಂಕುಗಳನ್ನೇ ಬಳಸಿದೆ. ಈ ಇಂಕುಗಳಿಗೆ ಅವುಗಳದೇ ಆದ ತೊಡಕಿದೆ: ಮಾರ್ಚ್, ಏಪ್ರಿಲ್‌ನ ಸೆಕೆಗೆ ಅವು ಜಾಲರಿಯಲ್ಲೇ ಒಣಗಿ ಕಣ್ಣು ಕಟ್ಟಿಬಿಡುತ್ತವೆ. ಒಣಗುವುದನ್ನು ತಡಮಾಡುವ ದ್ರಾವಣವನ್ನು ಇಂಕಿಗೆ ಸ್ವಲ್ಪ ಸೇರಿಸಿ, ಪ್ರತಿ ಅಚ್ಚಿನ ನಂತರ ಸ್ಕ್ರೀನಿನ ಮೇಲೆ ಇಂಕಿನ ಪದರವನ್ನು ಹರಡಿಯೇ ಬಿಟ್ಟು, ಬೆಳಗಿನ ಹೊತ್ತಿನಲ್ಲೇ ಕೆಲಸ ಮುಗಿಸಿಕೊಳ್ಳುವುದು ಮೈಸೂರಿನ ಹವೆಗೆ ಸರಿಹೊಂದುತ್ತದೆ. ಮಳೆಗಾಲದಲ್ಲಿ ತೊಂದರೆ ಕಾಗದದ್ದು. ತೇವಕ್ಕೆ ಕಾಗದ ಹಿಗ್ಗುವುದರಿಂದ ಮೊದಲ ಬಣ್ಣಕ್ಕೂ ಎರಡನೆಯ ಬಣ್ಣಕ್ಕೂ ನಡುವೆ ರಿಜಿಸ್ಟ್ರೇಷನ್, ಅಂದರೆ ಬಣ್ಣಗಳು ತಮ್ಮ ತಮ್ಮ ಜಾಗದಲ್ಲಿ ಕೂರುವ ಹೊಂದಾಣಿಕೆ, ಜರುಗುತ್ತದೆ. ಹಿಂದಿನ ದಿನವೇ ಕಾಗದವನ್ನು ಅಚ್ಚಿನ ಕೋಣೆಯಲ್ಲಿ ಹರಡಿಡುವುದು, ಬಣ್ಣ ಬಣ್ಣ ಸೇರುವಲ್ಲಿ ಅರ್ಧದಿಂದ ಒಂದು ಮಿಲಿಮೀಟರ್ ಒಂದರ ಮೇಲೊಂದು ಹಾಯುವಂತೆ ಪಾಸಿಟಿವ್ ಮಾಡುವುದು, ಇವೆರಡೂ ಇದಕ್ಕೆ ನನಗೆ ಒದಗಿದ ಉಪಾಯಗಳು.

ಈ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬಾಯ್ಕಳಕ. ಬೂದುಬಿಳಿ ಮೈ, ಕಪ್ಪು ರೆಕ್ಕೆಯಂಚಿನ ಈ ಕೊಕ್ಕರೆ ಕೊಕ್ಕನ್ನು ಮುಚ್ಚಿಕೊಂಡಾಗಲೂ ಮೇಲಿನ ಮತ್ತು ಕೆಳಗಿನ ಭಾಗಗಳು ನಡುವೆ ಸೇರುವುದಿಲ್ಲ, ಅಲ್ಲೊಂದು ಸಂದು ಉಳಿಯುತ್ತದೆ. ಬಸವನಹುಳುಗಳನ್ನು ಹಿಡಿದು, ಚಿಪ್ಪಿನೊಳಗಿನ ಮಾಂಸವನ್ನು ಬಿಡಿಸಿ ತಿನ್ನುವುದು ಅದರ ಬದುಕು. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತಾ ಮೂಡುತ್ತದೆ. ಚಿತ್ರದಲ್ಲಿ ಹಿನ್ನೆಲೆಯನ್ನು ಪೂರ್ತಿ ಅರಿಶಿನ ಬಣ್ಣದಲ್ಲಿ ಅಚ್ಚು ಹಾಕಿ, ಹಕ್ಕಿಯ ಮೈಯನ್ನು ಬರಿಯ ಕಾಗದವಾಗಿ ಬಿಟ್ಟೆ. ಕಪ್ಪಿನ ಸ್ಕ್ರೀನಿನಲ್ಲಿ ರೆಕ್ಕೆ, ಬಾಲ, ಕಣ್ಣು ಮತ್ತು ಕೊಕ್ಕಿನ ಎರಡು ಭಾಗಗಳು ಬಂದವು. ಸಂದಿನೊಳಗಿಂದ ಹಿನ್ನೆಲೆಯ ಹಳದಿ ಇಣುಕುತ್ತದೆ. ಕಾಗದದ ಮೇಲೆ ಇಂಕು ತುಸು ಹರಡುವುದರಿಂದ, ನಿಜವಾದ ಪ್ರಮಾಣದಲ್ಲಿ ಬಿಟ್ಟಿದ್ದರೆ ಆ ಸಂದು ಮುಚ್ಚಿಹೋಗುತ್ತಿತ್ತು. ಆದ್ದರಿಂದ ಅದನ್ನು ಹಿಗ್ಗಿಸಿದೆ, ಹಿಗ್ಗಿಸುತ್ತಾ ಹೋದಂತೆ ಹಕ್ಕಿಯ ಮುಖಕ್ಕೆ ಏನನ್ನೋ ಹೇಳಲು ಹೊರಟು ತಡೆದುಕೊಂಡ ಭಾವ ಬಂತು. ಅದು ಬಂದ ಜಾಗದಲ್ಲೇ ನಿಲ್ಲಿಸಿದೆ.

ಮೂರನೆಯ ಬಣ್ಣ ಕಂದುಗೆಂಪಿನ ಬಸವನಹುಳು. ಅದನ್ನು ಪ್ರತ್ಯೇಕವಾದ ಚಿಕ್ಕ ಸ್ಕ್ರೀನಿನಲ್ಲಿ ಮಾಡಿದ್ದರಿಂದ, ಕಾಗದವನ್ನು ಬೇಕಾದ ಕಡೆಗೆ ಸರಿಸಿ ಹುಳುವನ್ನು ಪ್ರತಿ ಪ್ರತಿಯಲ್ಲೂ ಬೇರೆ ಜಾಗದಲ್ಲಿ ಕೂರಿಸಲು ಸಾಧ್ಯವಾಯಿತು. ಒಂದರಲ್ಲಿ ಅದು ಕೊಕ್ಕಿನ ಸಂದಿಗೆ ಸರಿಯಾಗಿ ಸಿಕ್ಕಿಕೊಂಡಿದೆ, ಇನ್ನೊಂದರಲ್ಲಿ ಹಕ್ಕಿಯ ಬೆನ್ನೇರಿದೆ, ಮತ್ತೊಂದರಲ್ಲಿ ಕಾಗದದ ಮೂಲೆಯಿಂದ ಹೊರಗೆ ಹೊರಟಿದೆ. ಅಚ್ಚಿನ ಕಲೆಯಲ್ಲಿ ಎಲ್ಲ ಪ್ರತಿಗಳೂ ಒಂದೇ ಬಗೆಯಲ್ಲಿರಬೇಕೆಂಬ ಶಿಸ್ತನ್ನು ನಾನು ಗೌರವಿಸುತ್ತೇನೆ. ಆದರೂ ಹಿಡಿಯುವವನ ಮತ್ತು ತಪ್ಪಿಸಿಕೊಳ್ಳುವವನ ಕಥೆ ಪ್ರತಿಯಿಂದ ಪ್ರತಿಗೆ ಮುಂದುವರಿಯುವುದು ಈ ಮಾಧ್ಯಮದಲ್ಲಿ ಇಷ್ಟು ಸುಲಭವಿರುವಾಗ ಅದನ್ನು ಬಿಟ್ಟುಕೊಡಲು ಕಾರಣ ಕಾಣಲಿಲ್ಲ. ಪ್ರದರ್ಶನದಲ್ಲಿ ಪ್ರತಿಗಳನ್ನು ಸಾಲಾಗಿ ತೂಗುಹಾಕಿದಾಗ ಮಕ್ಕಳು ಹುಳುವನ್ನು ಬೆರಳಿಟ್ಟು ಹುಡುಕುತ್ತಾ ಗೋಡೆಯುದ್ದಕ್ಕೂ ನಡೆದರು.

ಕುರಿಯ ಅಚ್ಚು ಎಲ್ಲಕ್ಕಿಂತ ಸರಳ, ಅದಕ್ಕೆ ಎರಡೇ ಬಣ್ಣ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಿನಲ್ಲೂ ಮಂಡ್ಯದ ಹೆಸರಿನಲ್ಲೂ ಗುರುತಿಸಲಾಗುವ, ಜನರ ಬಾಯಲ್ಲಿ ಬನ್ನೂರು ಕುರಿ ಎಂದೇ ಆಗಿರುವ ಈ ತಳಿ ಗಿಡ್ಡ ಕಾಲು, ತುಂಬಿದ ಮೈ, ಜೋಲುಕಿವಿಯದು. ಸಂತೆಯಲ್ಲಿ ಕುರಿ ಕೊಳ್ಳುವವರು ಮುಖಕ್ಕಿಂತ ಹೆಚ್ಚಾಗಿ ಅದರ ಹಿಂಭಾಗವನ್ನು ನೋಡುತ್ತಾರೆ. ತೊಡೆಗಳು ತುಂಬಿಕೊಂಡು, ಹಿಂದಿನಿಂದ ಕಮಾನಿನಂತೆ ಕಾಣಬೇಕು. ತಳಿಯ ಲಕ್ಷಣವೆಂದು ಎಣಿಸುವುದೂ ಅದನ್ನೇ. ಪ್ರಾಣಿಗಳ ಚಿತ್ರಗಳಲ್ಲಿ ಮುಖವನ್ನೇ ನೋಡಿ ರೂಢಿಯಾದ ನಮಗೆ ಬೆನ್ನು ತಿರುಗಿಸಿ ನಿಂತ ಕುರಿ ಹೊಸದಾಗಿ ಕಾಣುತ್ತದೆಂದು ನನಗೆ ಅನ್ನಿಸಿತು. ಹಸಿರು ಹಿನ್ನೆಲೆಯಲ್ಲಿ ಕಮಾನಿನಾಕಾರದ ಬಿಳಿ ಕಾಗದ, ಅದರ ಎರಡು ಬದಿಗೆ ಇಣುಕುವ ಕಿವಿಯ ತುದಿಗಳು, ಒಂದು ಮೋಟು ಬಾಲ, ಗೊರಸುಗಳು, ಇಷ್ಟೇ. ಉಣ್ಣೆಯ ಅಂಚಿಗಾಗಿ ಮಾತ್ರ ಕತ್ತರಿಯನ್ನು ಬಿಟ್ಟು ಕಪ್ಪು ಕಾಗದವನ್ನು ಕೈಯಿಂದ ಹರಿದೆ. ಹರಿದ ಕಾಗದದ ನಾರುನಾರಾದ ಅಂಚು ಒಂದು ಸೆಂಟಿಮೀಟರಿಗೆ 77 ಎಳೆಗಳಿರುವ ಜಾಲರಿಯಲ್ಲಿ ತುಸು ಮೊಂಡಾಗಿ ಬಂದಿತ್ತು. 120 ಎಳೆಗಳ ಜಾಲರಿಗೆ ಬದಲಿಸಿದಾಗ ಒಂದೊಂದು ನಾರೂ ಉಳಿಯಿತು. ಮನೆಯಲ್ಲಿ ಅದನ್ನು ತೋರಿಸಿದಾಗ ಅಪ್ಪ ಬಹಳ ಹೊತ್ತು ನೋಡಿ, “ಮಕ ತೋರಿಸ್ದೇ ಇದ್ರೂ ನಮ್ ಕುರಿ ಅಂತ ಗೊತ್ತಾಯ್ತದಲ್ಲವ್ವ” ಎಂದರು. ಪರೀಕ್ಷಕರು ಕೊಟ್ಟ ಅಂಕಗಳಿಗಿಂತ ಈ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹೆಜ್ಜಾರ್ಲೆಯಲ್ಲಿ, ಅಂದರೆ ಪೆಲಿಕನ್ ಹಕ್ಕಿಯಲ್ಲಿ, ಆಸೆಪಟ್ಟದ್ದು ಬೇರೆ. ಕೊಕ್ಕರೆ ಬೆಳ್ಳೂರಿನಲ್ಲಿ ಈ ಹಕ್ಕಿಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ಅದರ ಕೊಕ್ಕಿನ ಕೆಳಗಿನ ಚೀಲವನ್ನು ಪಾರದರ್ಶಕ ಬಣ್ಣದಲ್ಲಿ ತೋರಿಸಬೇಕೆಂದುಕೊಂಡೆ. ಮೊದಲು ಮೀನನ್ನು ನೀಲಿಯಲ್ಲಿ ಅಚ್ಚು ಹಾಕಿ ಒಣಗಿಸಿ, ಗುಲಾಬಿ ಇಂಕಿಗೆ ಅದರ ಹಲವು ಪಾಲು ಪಾರದರ್ಶಕ ಬೇಸ್ (ಬಣ್ಣವಿಲ್ಲದ ಇಂಕು) ಬೆರೆಸಿ ಚೀಲವನ್ನು ಅದರ ಮೇಲೆ ಅಚ್ಚು ಹಾಕಿದರೆ, ಒಳಗಿರುವ ಮೀನಿನ ಭಾಗ ನೇರಳೆಗೆ ತಿರುಗಿ, ಹೊರಗೆ ಉಳಿದ ಬಾಲ ನೀಲಿಯಾಗಿಯೇ ಇರುತ್ತದೆ. ಎರಡು ಸ್ಕ್ರೀನುಗಳಿಂದ ಮೂರು ಬಣ್ಣ ದೊರೆಯಿತು, ಮೀನು ಎಷ್ಟು ಒಳಗೆ ಹೋಗಿದೆ ಎಂಬ ವಿಷಯವನ್ನು ಬಣ್ಣವೇ ಹೇಳಿತು. ಬೇಸಿನ ಪ್ರಮಾಣವನ್ನು ತುಂಡು ಕಾಗದಗಳ ಮೇಲೆ ಒಣಗಿಸಿ ನೋಡಿಯೇ ಗೊತ್ತುಮಾಡಿಕೊಳ್ಳಬೇಕು, ಹಸಿಯಾಗಿರುವಾಗಿನ ಬಣ್ಣವನ್ನು ನಂಬುವಂತಿಲ್ಲ.

ಆನೆಯನ್ನು ಬಿಡಲಾಗದು, ಇದು ಮೈಸೂರು. ಅಂಬಾರಿ, ಜರತಾರಿ, ಹಣೆಯ ಚಿತ್ತಾರಗಳಿರುವ ಆನೆಯನ್ನು ಈ ಊರಿನ ಪ್ರತಿ ಅಂಗಡಿಯೂ ಮಾರುತ್ತದೆ. ನಾನು ತೆಗೆದುಕೊಂಡದ್ದು ಹುಲ್ಲಿನ ಕಂತೆಯನ್ನು ಸೊಂಡಿಲಿನಲ್ಲಿ ಹಿಡಿದು ಮುಂಗಾಲಿಗೆ ಬಡಿದು ಮಣ್ಣು ಕೊಡವಿಕೊಳ್ಳುವ ಆನೆಯನ್ನು, ಒಂದೇ ಬೂದುಬಣ್ಣದಲ್ಲಿ.

ಪ್ರಾಣಿಗಳನ್ನು ಸ್ಕ್ರೀನ್ ಪ್ರಿಂಟಿಗೆ ತಂದವರಲ್ಲಿ ಜಗತ್ತಿಗೆಲ್ಲ ಪರಿಚಿತರಾದವರು ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್. ಅಳಿವಿನಂಚಿನ ಹತ್ತು ಜೀವಿಗಳ ಸರಣಿಯನ್ನು ಅವರು 1983ರಲ್ಲಿ ಮಾಡಿದರು. ಅಲ್ಲಿಯ ಬಣ್ಣಗಳಿಗೂ ಪ್ರಾಣಿಗಳ ನಿಜವಾದ ಬಣ್ಣಗಳಿಗೂ ಸಂಬಂಧವಿಲ್ಲ, ಆದರೆ ನೋಟ ಮತ್ತು ನಿಲುವುಗಳು ಆಯಾ ಪ್ರಾಣಿಯವೇ. ಬಣ್ಣದಲ್ಲಿ ಎಷ್ಟು ಸ್ವಾತಂತ್ರ್ಯ ತೆಗೆದುಕೊಂಡರೂ ಮೈಕಟ್ಟನ್ನು ಕೆಡಿಸದಿದ್ದರೆ ಪ್ರಾಣಿಯ ಘನತೆ ಉಳಿಯುತ್ತದೆ ಎಂಬ ಧೈರ್ಯ ನನಗೆ ಅವುಗಳಿಂದ ಬಂತು. ಅರಿಶಿನದ ಆಕಾಶವನ್ನು ಸಂಕೋಚವಿಲ್ಲದೆ ಅಚ್ಚು ಹಾಕಿದ್ದು ಆ ಧೈರ್ಯದಿಂದಲೇ.

ಈಗ ಕುರಿಯನ್ನು ಬಟ್ಟೆ ಚೀಲಗಳಿಗೆ ಅಚ್ಚು ಹಾಕುವ ಸಿದ್ಧತೆಯಲ್ಲಿದ್ದೇನೆ. ಬಟ್ಟೆ ಇಂಕನ್ನು ಹೆಚ್ಚು ಕುಡಿಯುವುದರಿಂದ 43 ಎಳೆಗಳ ದಪ್ಪ ಜಾಲರಿ ಬೇಕು, ಅದರಲ್ಲಿ ಹರಿದ ಕಾಗದದ ನಾರುಗಳು ಉಳಿಯುವುದಿಲ್ಲ. ಆದ್ದರಿಂದ ಉಣ್ಣೆಯ ಅಂಚನ್ನು ದೊಡ್ಡ ದೊಡ್ಡ ಹಲ್ಲುಗಳಾಗಿ ಕತ್ತರಿಸಿ, ಕಿವಿಗಳನ್ನು ಇನ್ನಷ್ಟು ಹೊರಗೆ ಚಾಚಿ, ಹೊಸ ಪಾಸಿಟಿವ್ ಮಾಡುತ್ತಿದ್ದೇನೆ. ಬಾಲವನ್ನು ಚೀಲದ ಹಿಡಿಕೆಯ ನೇರಕ್ಕೆ ತರಬೇಕೋ ಬೇಡವೋ ಎಂಬುದು ಮೊದಲ ಚೀಲವನ್ನು ಹೊಲಿಸಿ, ಸಾಮಾನು ತುಂಬಿ, ಹೆಗಲಿಗೆ ಹಾಕಿಕೊಂಡು ನೋಡಿದ ಮೇಲೆ ತೀರ್ಮಾನವಾಗಬೇಕು.