ರಿಜಿಸ್ಟರ್ ಬಿಟ್‌ಗೆ ಸ್ಟ್ರಕ್ಟ್ ಬಿಟ್ಟು ಮಾಸ್ಕ್ ಹಿಡಿದದ್ದು: ನನ್ನ ಅನುಭವ

ಗಂಗಾವತಿಯ ಒಂದು ರೈಸ್ ಮಿಲ್‌ಗೆ ಎಲಿವೇಟರ್ ಬೆಲ್ಟ್ ಸ್ಲಿಪ್ ಆದ್ರ ಸೈರನ್ ಹೊಡಿಯೋ ಬೋರ್ಡ್ ಮಾಡಿಕೊಟ್ಟಿದ್ದೆ, ಎಸ್‌ಟಿಎಂ32ಎಫ್103 ಅನ್ನೋ ಮೈಕ್ರೋಕಂಟ್ರೋಲರ್ ಚಿಪ್, ಎರಡು ಪುಲ್ಲಿಗೆ ಸುತ್ತು ಎಣಸೋ ಎರಡು ಸೆನ್ಸರ್, ಚಿಪ್‌ನ ಪಿನ್ 5 ಮತ್ತು 6ಕ್ಕ. ವಾರದಾಗ ಆಪರೇಟರ್ ಫೋನು, "ಸರ್, ಬೆಲ್ಟ್ ಚಲೋನ ಓಡಾಕತ್ತೈತಿ, ಸೈರನ್ ಸುಮ್ಸುಮ್ನ ಒದ್ರತೈತ್ರಿ." ಸುಗ್ಗಿ ಟೈಮು, ಹೊರಗ ಭತ್ತದ ಗಾಡಿ ಸಾಲು ನಿಂತಾವು, ಎದಿ ಧಸಕ್ ಅಂತು ನನಗ.

ಎರಡು ರಾತ್ರಿ ಅಲ್ಲೇ ಕುಂತು ನೋಡಿದೆ. ಎಣಿಕೆ ತಪ್ಪೋದು 6ನೇ ಲೈನ್‌ದು (ಪಿನ್ 6ರ ಸಿಗ್ನಲ್) ಮಾತ್ರ, 5ರದು ಒಂದೂ ತಪ್ಪಿಲ್ಲ. ಈ ಚಿಪ್‌ನ ಇಂಟರಪ್ಟ್ ಪೆಂಡಿಂಗ್ ರಿಜಿಸ್ಟರ್‌ನಾಗ (ಯಾವ ಲೈನ್‌ದು ಸಿಗ್ನಲ್ ಬಂದು ಕಾಯಾಕತ್ತೈತಿ ಅಂತ ಒಂದೊಂದು ಬಿಟ್‌ನಾಗ ತೋರಸೋ ಜಾಗ) 1 ಬರದ್ರ ಆ ಬಿಟ್ ಅಳಿಸತೈತಿ, 0 ಬರದ್ರ ಏನೂ ಆಗಲ್ಲ. ನಾನು ಓದಾಕ ಚಂದ ಅಂತ ಸ್ಟ್ರಕ್ಟ್ ಬಿಟ್‌ಫೀಲ್ಡ್ (ಸಿ ಭಾಷೆನಾಗ ಬಿಟ್‌ಗೊಂದು ಹೆಸರಿಟ್ಟು ಬಳಸೋ ರೀತಿ) ಮಾಡಿ "ಲೈನ್5 = 1" ಅಂತ ಬರದಿದ್ದೆ. ಕಂಪೈಲರ್ ಇಡೀ 32 ಬಿಟ್ ಓದಿ, 5ನೇದು 1 ಮಾಡಿ, ಇಡೀದು ವಾಪಸ್ ಬರಿತೈತಿ, ಆಗ 6ನೇದೂ ಪೆಂಡಿಂಗ್ ಇದ್ರ ಅದೂ 1 ಆಗೇ ಹೋಗಿ ಅಳಿಸಿಬಿಡತೈತಿ, ನಾನು ಎಣಸೋಕ್ಕಿಂತ ಮುಂಚೆನ! ಓಆರ್-ಈಕ್ವಲ್ (ಇದ್ದ ಬಿಟ್ ಹಂಗ ಇಟ್ಟು ಹೊಸಾದು ಸೇರಸೋದು) ಹಾಕಿದ್ರೂ ಇದ ಕಥಿ. 5ರಿಂದ 9ರ ತನಕ ಲೈನ್‌ಗೆ ಒಂದೇ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡೋ ಫಂಕ್ಷನ್), ಅದರ ಮ್ಯಾಲೆ ಡಿಸ್ಪ್ಲೇಗೆ ಬರಿಯೋ ಹೊತ್ನಾಗ ಇಂಟರಪ್ಟ್ ಬಂದ್ ಮಾಡ್ತಿದ್ದೆ, ಹಂಗಾಗಿ ಎರಡೂ ಕೂಡೇ ಕಾಯ್ತಿದ್ವು. ಈಗ ಅಲ್ಲಿ ಒಂದೇ ನೇರ ಬರಹ, ಬರೇ 5ನೇ ಬಿಟ್‌ದ ಮಾಸ್ಕ್ (ಆ ಬಿಟ್ ಮಾತ್ರ 1, ಉಳಿದದ್ದೆಲ್ಲ 0 ಇರೋ ಸಂಖ್ಯೆ), ಅಷ್ಟ.

ಆಮ್ಯಾಲೆ ರಿಜಿಸ್ಟರ್ ಹೆಸರು ಇರೋ ಇಡೀ ಹೆಡರ್ ಫೈಲ್ ಹೊಸದಾಗಿ ಬರದೆ. ಸ್ಟ್ರಕ್ಟ್‌ನಾಗ ಬಿಟ್ ಯಾವ ಕಡಿಂದ ಜೋಡಿಸಬೇಕು ಅನ್ನೋದನ್ನ ಸಿ ಸ್ಟ್ಯಾಂಡರ್ಡ್ ಕಂಪೈಲರ್‌ಗೇ ಬಿಟ್ಟೈತಿ, ಹಾರ್ಡ್‌ವೇರ್‌ಗೆ ಅದು ನಂಬೋಹಂಗಿಲ್ಲ. ಪ್ರತಿ ಫೀಲ್ಡ್‌ಗೆ (ಒಂದು ಕೆಲಸದ ಬಿಟ್‌ಗಳ ಗುಂಪು) ಒಂದೇ ಮಾಸ್ಕ್ ಮ್ಯಾಕ್ರೋ, ಶಿಫ್ಟ್ (ಫೀಲ್ಡ್ ಎಷ್ಟನೇ ಬಿಟ್‌ನಿಂದ ಶುರು ಅನ್ನೋದು) ಅದರಿಂದನ ಲೆಕ್ಕ ಹಾಕಸ್ತೀನಿ, ಲಿನಕ್ಸ್ ಕರ್ನಲ್‌ನ ಫೀಲ್ಡ್-ಪ್ರೆಪ್ ಮ್ಯಾಕ್ರೋ ಹಂಗ. ಮಾಸ್ಕ್ ಒಂದು ಕಡೆ ಶಿಫ್ಟ್ ಒಂದು ಕಡೆ ಬರದ್ರ ಯಾವತ್ತರ ಒಂದಿನ ಎರಡೂ ಹೊಂದಲ್ಲ.

ಬರಿಯೋಕ್ಕಿಂತ ಮುಂಚೆ ಫೀಲ್ಡ್ ಸೊನ್ನೆ ಮಾಡೋದು ಮರಿಬ್ಯಾಡ್ರಿ. ಪಿನ್ 5ರ ಕಾನ್ಫಿಗರೇಶನ್ ಬಿಟ್ 20ರಿಂದ 23, ರಿಸೆಟ್ ಆದಾಗ ಅಲ್ಲಿ 4 ಇರತೈತಿ, ಪುಲ್‌ಅಪ್ ಇನ್‌ಪುಟ್‌ಗೆ 8 ಬೇಕು. ಸುಮ್ನ ಓಆರ್ ಮಾಡಿದ್ರ 12 ಆಗತೈತಿ, ಇನ್‌ಪುಟ್‌ನಾಗ ಅದು ರಿಸರ್ವ್ಡ್, ಅಂದ್ರ ಬಳಸಬಾರದ್ದು.

ಇನ್ನೊಂದು, 1 ಬರದು ಅಳಿಸೋ ಬಿಟ್‌ಗಳ ಹೆಸರಿನ ಕೊನಿಗೆ "ಡಬ್ಲ್ಯೂ1ಸಿ" (ರೈಟ್ 1 ಟು ಕ್ಲಿಯರ್) ಅಂತ ಸೇರಸ್ತೀನಿ, ಕೋಡ್ ಓದೋರಿಗೆ ಡೇಟಾಶೀಟ್ ತೆಗಿಲಾರದೇನ ಗೊತ್ತಾಗಬೇಕು. ಹಳೇ ಎರಡು ಬೋರ್ಡ್‌ನಾಗ ಸ್ಟ್ರಕ್ಟ್ ಇನ್ನೂ ಐತಿ, ಈ ಭಾನುವಾರ ಕೊಪ್ಪಳಕ್ಕ ಹೋಗಿ ಬದಲಿಸಿ ಬರಬೇಕು.